ನಿಮಗೆ ಯಾವುದು, ನನಗೆ ಯಾವುದು

ಪ್ರೀತಿಯ ತುತ್ತೂರಿ ಅಣ್ಣನಿಗೆ, ನಿಮ್ಮ ಕ್ರೇನಮ್ಮನ ನಮಸ್ಕಾರ.

ಗೊತ್ತಾಯಿತು ಅಣ್ಣ. ನನ್ನ ಕಣ್ಣಿನೊಳಗೆ ಮಾಡಿದ್ದು ಏನೆಂದು ಕೊನೆಗೂ ಗೊತ್ತಾಯಿತು. ಡಾಕ್ಟರಮ್ಮ ಅದನ್ನು ಹೇಳಿದ ಕೂಡಲೇ ನಾನು ಪಕ್ಕದ ಕುರ್ಚಿಯ ಕಡೆ ತಿರುಗಿದೆ. ಅಲ್ಲಿ ನೀವಿರಲಿಲ್ಲ. ಯಾರದೋ ಕೊಡೆ ಒರಗಿ ಕುಳಿತಿತ್ತು. ಮನೆಗೆ ಬಂದು ನಮ್ಮವರಿಗೆ ಹೇಳಿದರೆ, "ಕಣ್ಣು ಕಾಣ್ತಿದೆ ತಾನೇ? ಇನ್ನೇನು ಬೇಕು ನಿನಗೆ?" ಎಂದು ಸಾರಿಗೆ ಉಪ್ಪು ಸಾಲದು ಎನ್ನುವ ಮಾತಿಗೆ ಹೋದರು. ಅವರದು ತಪ್ಪಲ್ಲ. ಎರಡು ವರ್ಷ ಒಂದು ಪ್ರಶ್ನೆಯನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗಿದವರು ನಾವಿಬ್ಬರೇ. ಉತ್ತರ ಸಿಕ್ಕಿದ ಮೇಲೆ ಅದನ್ನು ನಿಮಗೆ ಹೇಳದೆ ಇದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ನಿಮ್ಮ ವಿಳಾಸ ಕೇಳಿದ್ದಕ್ಕೆ ಕಣ್ಣಿನ ಒತ್ತಡ ನೋಡುವ ಸಿಸ್ಟರ್ ತಲೆಯಾಡಿಸಿಬಿಟ್ಟರು. "ವಿಳಾಸ ಕೊಡೋ ಹಾಗಿಲ್ಲ. ಆದ್ರೆ ನೀವು ಬರೆದು ಕೊಟ್ರೆ ನಾನು ತಲುಪಿಸೋದಕ್ಕೆ ಯಾರ ಅಡ್ಡಿಯೂ ಇಲ್ಲ" ಎಂದರು. ಅದಕ್ಕೇ ಈ ಕಾಗದ. ಅಕ್ಷರ ದಪ್ಪದಾಗಿ ಬರೆದಿದ್ದೇನೆ. ಆದರೂ ಕಷ್ಟವಾದರೆ ಅತ್ತಿಗೆಯ ಕೈಲಿ ಓದಿಸಿ. ಅವರ ಮುಂದೆ ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ.

ಮೊದಲ ದಿನ ನೆನಪಿದೆಯೇ? ಕಣ್ಣಿನ ಪಾಪೆ ಅಗಲವಾಗಲು ಹನಿ ಹಾಕಿ ನಮ್ಮನ್ನೆಲ್ಲ ಸಾಲಾಗಿ ಕೂರಿಸಿದ್ದರು. ಎಲ್ಲರೂ ಮಂಜಿನಲ್ಲಿ ಕುಳಿತ ಹಾಗೆ. ನನ್ನ ಪಕ್ಕದಲ್ಲಿ ಒಬ್ಬ ಮನುಷ್ಯ ಕೆನ್ನೆ ಉಬ್ಬಿಸುತ್ತಾನೆ, ಇಳಿಸುತ್ತಾನೆ, ಮಂಡಿಯ ಮೇಲೆ ಮೂರು ಬೆರಳು ಕುಣಿಸುತ್ತಾನೆ. ನಾನು ಹೆದರಿ, "ಹೊಟ್ಟೆನೋವಾ? ಸಿಸ್ಟರನ್ನ ಕರೀಲಾ?" ಎಂದೆ. ನೀವು ಗಂಭೀರವಾಗಿ, "ಹೊಟ್ಟೆನೋವಲ್ಲಮ್ಮ, ಭಾನುವಾರದ ಹಾಡು" ಎಂದಿರಿ. ನಗರದ ಬ್ಯಾಂಡಿನಲ್ಲಿ ಮುಂದಿನ ಸಾಲಿನ ತುತ್ತೂರಿ ನಿಮ್ಮದು, ಪ್ರತಿ ಭಾನುವಾರ ಪಾರ್ಕಿನ ಮಂಟಪದಲ್ಲಿ ಊದುತ್ತೀರಿ ಎಂದು ತಿಳಿದದ್ದು ಆಮೇಲೆ. ನಾನು ಏನು ಮಾಡುತ್ತೇನೆಂದು ಕೇಳಿದಿರಿ. ಕಟ್ಟಡ ಕಟ್ಟುವ ಕಡೆ ಎತ್ತರದ ಕ್ರೇನ್ ನಡೆಸುತ್ತೇನೆ ಎಂದೆ. ನೀವು ನಂಬಲಿಲ್ಲ. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇಷ್ಟೇ ಉದ್ದ ಇರೋರು ಅಷ್ಟೆತ್ತರ ಹತ್ತೋದಾ!" ಎಂದಿರಿ. ಅಂದಿನಿಂದ ನಾನು ನಿಮಗೆ ಕ್ರೇನಮ್ಮ ಆದೆ, ನೀವು ನನಗೆ ತುತ್ತೂರಿ ಅಣ್ಣ.

ಇಬ್ಬರ ಕಥೆಯೂ ಹೆಚ್ಚು ಕಡಿಮೆ ಒಂದೇ. ನನಗೆ ನೋವಿಲ್ಲ, ಉರಿಯಿಲ್ಲ, ಕೆಂಪಿಲ್ಲ. ಕಂಪನಿಯ ವಾರ್ಷಿಕ ತಪಾಸಣೆಯಲ್ಲಿ ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತು ಎಂದರು. ಒತ್ತಿದೆ. ಎಲ್ಲ ಚುಕ್ಕಿಯೂ ಕಂಡವೆಂದೇ ಅಂದುಕೊಂಡಿದ್ದೆ. ಬಲಗಣ್ಣಿನ ಒಂದು ಮೂಲೆಯಲ್ಲಿ ಅವರು ಹೊಳೆಸಿದ್ದು ಒಂದೂ ನನಗೆ ಕಂಡಿರಲಿಲ್ಲ. ಕಾಣದ ಜಾಗಕ್ಕೆ ತಲೆ ತಾನೇ ತೇಪೆ ಹಾಕಿ, ಎಲ್ಲ ಸರಿಯಾಗಿದೆ ಎಂದು ನನ್ನನ್ನು ನಂಬಿಸಿತ್ತು. ಗ್ಲಾಕೋಮಾ ಎಂಬ ಹೆಸರನ್ನು ಅಂದೇ ಕೇಳಿದ್ದು. ಮರುದಿನವೇ ನನ್ನನ್ನು ಕ್ರೇನಿನಿಂದ ಇಳಿಸಿ ಉಗ್ರಾಣದಲ್ಲಿ ಕೂರಿಸಿದರು. ನಿಮಗಾದರೆ ಸ್ವರದ ಹಾಳೆಯ ಮೇಲಿನ ಸಾಲಿನಲ್ಲಿ ಸ್ವರಗಳೇ ಮಾಯವಾಗುತ್ತಿದ್ದವು. ನೀವು ಅಚ್ಚು ಹಾಕಿದವನನ್ನು ಬೈದುಕೊಂಡೇ ಒಂದು ವರ್ಷ ಕಳೆದಿರಿ.

ಡಾಕ್ಟರಮ್ಮ ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ವಿವರಿಸಿದ್ದು ನನಗೆ ಈಗಲೂ ಬಾಯಿಪಾಠ. ಕಣ್ಣಿನೊಳಗೆ ಸದಾ ಒಂದು ತಿಳಿನೀರು ಹುಟ್ಟುತ್ತದೆ, ಇದು ಕಣ್ಣೀರಲ್ಲ. ಅಂಚಿನಲ್ಲಿರುವ ಸಣ್ಣ ಜಾಲರಿಯ ಮೂಲಕ ಅದು ಸೋಸಿ, ಹಿಂದಿನ ಕಾಲುವೆಗೆ ಇಳಿದು ಹೊರಟುಹೋಗುತ್ತದೆ. ನಮ್ಮ ಬಗೆಯ ಗ್ಲಾಕೋಮಾದಲ್ಲಿ ಜಾಲರಿಯ ಮುಂದಿನ ಮೂಲೆ ತೆರೆದೇ ಇರುತ್ತದೆ, ಆದರೆ ಜಾಲರಿ ಗಟ್ಟಿಯಾಗಿ ನೀರು ನಿಧಾನವಾಗುತ್ತದೆ. ಒತ್ತಡ ಏರುತ್ತದೆ, ಹಿಂದಿನ ನರ ಸವೆಯುತ್ತದೆ. "ಹೋದದ್ದನ್ನ ವಾಪಸ್ ತರೋಕೆ ನನ್ನ ಕೈಲಿ ಆಗಲ್ಲ. ಉಳಿದಿರೋದನ್ನ ಕಾಪಾಡಬಹುದು" ಎಂದು ಮೊದಲೇ ಹೇಳಿಬಿಟ್ಟರು.

ಹನಿಗಳು ನಮ್ಮಿಬ್ಬರಿಗೂ ಸಾಲುತ್ತಿರಲಿಲ್ಲ. ಇಬ್ಬರಿಗೂ ಒಂದೊಂದು ಕಣ್ಣಿನಲ್ಲಿ ಪೊರೆ ಬೇರೆ ಶುರುವಾಗಿತ್ತು. ಪೊರೆ ತೆಗೆಯುವಾಗ ಅದೇ ಸಣ್ಣ ಗಾಯದ ದಾರಿಯಿಂದಲೇ ಜಾಲರಿಗೂ ಏನಾದರೂ ಮಾಡಬಹುದು ಎಂದರು. ಒಂದು, ಜಾಲರಿಯಲ್ಲಿ ಎರಡು ಪುಟಾಣಿ ಲೋಹದ ನಳಿಕೆಗಳನ್ನು ನೆಟ್ಟು ನೀರಿಗೆ ಬಾಗಿಲು ಮಾಡುವುದು, ಅದಕ್ಕೆ ಸ್ಟೆಂಟ್ ಎಂದು ಹೆಸರು. ಇನ್ನೊಂದು, ಏನನ್ನೂ ನೆಡದೆ ಜಾಲರಿಯ ಒಂದು ಪಟ್ಟಿಯನ್ನೇ ಸೀಳಿ ತೆಗೆಯುವುದು. ಎರಡೂ ಚಿಕ್ಕವು, ಬೇಗ ಮಾಯುವಂಥವು. "ಹಾಗಾದ್ರೆ ಎರಡರಲ್ಲಿ ಯಾವುದು ಮೇಲು?" ಎಂದು ನೀವು ಕೇಳಿದಿರಿ. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನಿಜ ಹೇಳಬೇಕಂದ್ರೆ, ನಿಮ್ಮಂಥೋರಿಗೆ ಯಾವುದು ಮೇಲು ಅಂತ ನನಗೆ ಗೊತ್ತಿಲ್ಲ. ಅದನ್ನ ತಿಳ್ಕೊಳ್ಳೋಕೇ ಈ ಅಧ್ಯಯನ. ಯಾರಿಗೆ ಯಾವುದು ಅಂತ ಕಂಪ್ಯೂಟರ್ ಚೀಟಿ ಎತ್ತುತ್ತೆ. ಮುಗಿಯೋವರೆಗೂ ನಿಮಗೆ ಹೇಳಲ್ಲ" ಎಂದರು.

ನಾನು ಹಿಂಜರಿದೆ. ನನ್ನ ಕಣ್ಣು ಚೀಟಿ ಎತ್ತುವ ವಸ್ತುವೇ ಎನಿಸಿತು. ನೀವು ಮಾತ್ರ ಜೋರಾಗಿ ನಕ್ಕಿರಿ. "ಗೊತ್ತಿಲ್ಲ ಅಂತ ಬಾಯಿ ಬಿಟ್ಟು ಹೇಳಿದ ಡಾಕ್ಟರನ್ನ ನಾನು ನೋಡಿದ್ದೇ ಈಗ. ತಗೊಳ್ಳಿ ನನ್ನ ಕಣ್ಣು" ಎಂದಿರಿ. ನಿಮ್ಮ ಆ ಮಾತು ಕೇಳಿಯೇ ನಾನೂ ಒಪ್ಪಿದ್ದು.

ಆಪರೇಷನ್ ಆದ ಮರುದಿನದಿಂದ ನಮ್ಮ ಪತ್ತೇದಾರಿಕೆ ಶುರುವಾಯಿತು. ನನ್ನ ಕಣ್ಣಿಗೆ ಎಲ್ಲವೂ ಕೆಂಪು ಗಾಜಿನ ಹಿಂದಿನಿಂದ ಕಂಡ ಹಾಗಿತ್ತು. ಒಳಗೆ ಸ್ವಲ್ಪ ರಕ್ತ ಇಳಿದಿದೆ, ತಾನೇ ಹೋಗುತ್ತದೆ ಎಂದರು. ನಿಮಗೆ ತಿಳಿಯಾಗಿತ್ತು. ನೀವು ಕೂಡಲೇ ತೀರ್ಪು ಕೊಟ್ಟಿರಿ: "ಸೀಳಿದ್ರೆ ತಾನೇ ರಕ್ತ ಬರೋದು? ನಿಮಗೆ ಸೀಳಿದ್ದಾರೆ, ನನಗೆ ನಳಿಕೆ." ಅಷ್ಟಕ್ಕೇ ನಿಲ್ಲಲಿಲ್ಲ. ದೊಡ್ಡ ಅಂಗಡಿಯ ಬಾಗಿಲಲ್ಲಿ ಲೋಹ ಪತ್ತೆ ಮಾಡುವ ಕಮಾನಿನೊಳಗೆ ತಲೆ ಬಗ್ಗಿಸಿ ಹಿಂದೆ ಮುಂದೆ ಓಡಾಡಿ ಕಾವಲುಗಾರನಿಂದ ಬೈಸಿಕೊಂಡು ಬಂದಿರಿ. "ಕೂಗಲೇ ಇಲ್ಲ ಕಣಮ್ಮ, ಅಷ್ಟು ಸಣ್ಣದು ಅದಕ್ಕೆ ಗೊತ್ತಾಗಲ್ಲ ಅನ್ಸುತ್ತೆ" ಎಂದು ನಿಮ್ಮ ಪರವಾಗಿ ನೀವೇ ವಕಾಲತ್ತು ಮಾಡಿಕೊಂಡಿರಿ. ಅತ್ತಿಗೆ ಹಣೆ ಚಚ್ಚಿಕೊಂಡರು. "ಇವರನ್ನ ಕಟ್ಕೊಂಡು ನಾನು ಅಂಗಡಿಗೆ ಹೋಗೋದೇ ಬಿಟ್ಟೆ" ಎಂದರು.

ಒತ್ತಡ ಅಳೆಸುವ ದಿನ ಬಂದರೆ ನಮಗೆ ಪಂದ್ಯದ ದಿನ. ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ನೀವು ಮೊದಲೇ ಕೂತಿರುತ್ತಿದ್ದಿರಿ. ನಾನು ಒಳಗೆ ಹೋಗಿ ಬಂದು "ಹದಿನೈದು" ಎಂದರೆ, ನೀವು ಹೋಗಿ ಬಂದು ಮೀಸೆ ತಿರುವುತ್ತಾ "ಹದಿಮೂರು" ಎನ್ನುತ್ತಿದ್ದಿರಿ. ನನಗೆ ಎರಡು ಬಗೆಯ ಹನಿ ತಪ್ಪಿತು, ನಿಮಗೆ ಎಲ್ಲವೂ ತಪ್ಪಿದವು. ಹನಿಯ ಸೀಸೆ ಕಸದ ಬುಟ್ಟಿಗೆ ಹಾಕಿದ ದಿನ ಅತ್ತಿಗೆ ಮನೆಮಂದಿಗೆಲ್ಲ ಸಿಹಿ ಮಾಡಿದರಂತೆ. ನನಗೆ ಒಳಗೊಳಗೇ ಹೊಟ್ಟೆಕಿಚ್ಚು ಇತ್ತು ಅಣ್ಣ. ಡಾಕ್ಟರಮ್ಮನ ಮುಂದೆಯೇ, "ಇವರದೇ ಮೇಲು ಅಂತ ಆಯ್ತಲ್ಲ" ಎಂದೆ. ಅವರು ಪೆನ್ನಿನಿಂದ ಮೇಜು ಕುಟ್ಟಿದರು: "ಇಬ್ಬರ ಕಣ್ಣು ಇಟ್ಕೊಂಡು ಹಾಗೆಲ್ಲ ಹೇಳೋಕಾಗಲ್ಲ. ಒಬ್ಬರಿಗೆ ನೆಗಡಿ ಆಯ್ತು, ಇನ್ನೊಬ್ಬರಿಗೆ ಆಗಲಿಲ್ಲ ಅಂತ ಸ್ವೆಟರ್ ಗುಣ ಹೇಳಿದ ಹಾಗಾಗುತ್ತೆ. ನೂರಾರು ಜನ ಬೇಕು, ವರ್ಷಗಳು ಬೇಕು."

ಆಮೇಲಿನದು ನಿಮ್ಮದೇ ತಲೆಯಿಂದ ಹೊರಟ ಪ್ರಶ್ನೆ. ಊದಿದರೆ ಕಣ್ಣಿನ ಒತ್ತಡ ಏರುತ್ತದೆಯೇ? ಡಾಕ್ಟರಮ್ಮ, ಏರಬಹುದೆಂದು ಓದಿದ್ದೇನೆ, ಕಣ್ಣಾರೆ ನೋಡಿಲ್ಲ ಎಂದರು. "ಹಾಗಾದ್ರೆ ನೋಡೇಬಿಡೋಣ" ಎಂದಿರಿ. ಮುಂದಿನ ಭೇಟಿಗೆ ಪೆಟ್ಟಿಗೆಯಲ್ಲಿ ತುತ್ತೂರಿ ಬಂತು. ಕಣ್ಣಾಸ್ಪತ್ರೆಯ ಇತಿಹಾಸದಲ್ಲಿ ಅಂಥ ಬೆಳಿಗ್ಗೆ ಇನ್ನೊಂದು ಇರಲಾರದು. ಸಿಸ್ಟರ್ ಕೈಯಲ್ಲಿ ಹಿಡಿಯುವ ಅಳತೆಯ ಉಪಕರಣ ಹಿಡಿದು ನಿಮ್ಮ ಪಕ್ಕ ನಿಂತರು. ಕೆಳಗಿನ ಸ್ವರ ಊದಿದಿರಿ, ಒತ್ತಡ ಸ್ವಲ್ಪವೇ ಅಲುಗಾಡಿತು. ಮೇಲಿನ ಸ್ವರಕ್ಕೆ ಹೋದಿರಿ. ನಿಮ್ಮ ಕತ್ತಿನ ನರಗಳು ಎದ್ದವು, ಮುಖ ಕೆಂಪಾಯಿತು, ಕಾರಿಡಾರಿನಲ್ಲಿದ್ದವರೆಲ್ಲ ಬಾಗಿಲಿಗೆ ಬಂದು ನಿಂತರು. ಸಿಸ್ಟರ್ ಅಳೆದು, "ಅಯ್ಯಯ್ಯೋ, ಸಾಕು, ನಿಲ್ಸಿ!" ಎಂದು ಕೂಗಿದರು. ಹೆಚ್ಚು ಕಡಿಮೆ ಎರಡು ಪಟ್ಟಾಗಿತ್ತು. ತುತ್ತೂರಿ ಕೆಳಗಿಟ್ಟ ಸ್ವಲ್ಪ ಹೊತ್ತಿಗೆ ಅದು ತಾನೇ ಇಳಿಯಿತು. ಡಾಕ್ಟರಮ್ಮನ ಮುಖದಲ್ಲಿ ಚಿಕ್ಕ ಮಗುವಿನ ಕುತೂಹಲ. "ಇದು ಕ್ಷಣದ ಏರಿಕೆ. ಇದರಿಂದ ನರಕ್ಕೆ ಎಷ್ಟು ಪೆಟ್ಟು ಬೀಳುತ್ತೆ ಅಂತ ಖಚಿತವಾಗಿ ಹೇಳಲಾರೆ. ಆದ್ರೆ ಮೇಲಿನ ಸ್ವರ ಸ್ವಲ್ಪ ಕಡಿಮೆ ಮಾಡಿ" ಎಂದರು. ನೀವು ತುತ್ತೂರಿಯ ಬಾಯಿಯನ್ನು ಬಟ್ಟೆಯಿಂದ ಬಹಳ ಹೊತ್ತು ಒರೆಸಿದಿರಿ.

ಎರಡನೆಯ ವರ್ಷದಲ್ಲಿ ನಿಮ್ಮ ಸಂಖ್ಯೆ ಏರತೊಡಗಿತು. ಮೊದಲ ಸಲ ನೀವು "ಹದಿನೆಂಟು, ನಿನ್ನೆ ನಿದ್ದೆ ಇರಲಿಲ್ಲ" ಎಂದಿರಿ. ಮುಂದಿನ ಸಲ ಸಂಖ್ಯೆಯನ್ನೇ ಹೇಳಲಿಲ್ಲ. ನಾನೂ ಕೇಳಲಿಲ್ಲ. ಬಿಟ್ಟ ಹನಿಗಳು ಒಂದೊಂದಾಗಿ ವಾಪಸ್ ಬಂದವು. ಬೋಗುಣಿ ಯಂತ್ರದಲ್ಲಿ ನಿಮಗೆ ಕಾಣುತ್ತಿದ್ದ ಚುಕ್ಕಿಗಳು ಮತ್ತೆ ಕೆಲವು ಕಡಿಮೆಯಾದವು. ನೀವು ಮೇಲಿನ ಸ್ವರ ಬಿಟ್ಟಿದ್ದಿರೋ ಇಲ್ಲವೋ ನನಗೆ ತಿಳಿಯದು. ಊದಿದ್ದಕ್ಕೇ ಹೀಗಾಯಿತೇ ಎಂದು ಡಾಕ್ಟರಮ್ಮನನ್ನು ನಾನು ಗುಟ್ಟಾಗಿ ಕೇಳಿದ್ದೆ. "ಊದದೇ ಇರೋ ಎಷ್ಟೋ ಜನಕ್ಕೂ ಹೀಗೇ ಆಗಿದೆ. ಸೀಳಿದ ಜಾಗ ಕೂಡಿಕೊಳ್ಳಬಹುದು, ನಳಿಕೆಯ ಬಾಯಿ ಮುಚ್ಚಿಕೊಳ್ಳಬಹುದು. ಅವರ ಮೇಲೆ ತಪ್ಪು ಹೊರಿಸಬೇಡಿ, ಅವರೂ ಹೊರಿಸ್ಕೊಳ್ಳೋದು ಬೇಡ" ಎಂದರು. ಇದನ್ನು ನಿಮಗೆ ಹೇಳಬೇಕೆಂದು ಆಗಿನಿಂದಲೂ ಇತ್ತು. ಈಗ ಹೇಳುತ್ತಿದ್ದೇನೆ.

ಕೊನೆಯ ಸಲ ನಾವು ಮಾತಾಡಿದ್ದು ಲಿಫ್ಟಿನ ಮುಂದೆ. ನಿಮ್ಮ ನರಕ್ಕೆ ಒತ್ತಡ ಇನ್ನೂ ಕೆಳಗೆ ಬೇಕು, ಚಿಕ್ಕ ಉಪಾಯಗಳು ಅಷ್ಟು ಕೆಳಗೆ ಇಳಿಸಲಾರವು, ದೊಡ್ಡ ಆಪರೇಷನ್ನೇ ಆಗಬೇಕು ಎಂದಿದ್ದರು. ಕಣ್ಣಿನ ಬಿಳಿಭಾಗದ ಮೇಲಿನ ತೆಳು ಪದರದ ಕೆಳಗೆ ನೀರಿಗೆ ಹೊಸ ದಾರಿ ತೆರೆಯುವುದು. ಅಲ್ಲಿ ಒಂದು ತೆಳುವಾದ ಗುಳ್ಳೆ ಏಳುತ್ತದೆ, ಅದನ್ನು ಜೀವನವಿಡೀ ಜೋಪಾನ ಮಾಡಬೇಕು. ಬಿಗಿಯಾಗಿ ಉಸಿರು ಕಟ್ಟಿ ಊದುವುದು ನಿಮಗೆ ಬೇಡವೆಂದು ಡಾಕ್ಟರಮ್ಮ ಹೇಳಿದ್ದರು. ನಾನು ಲಿಫ್ಟಿನ ಗುಂಡಿಯನ್ನೇ ಒತ್ತುತ್ತಿದ್ದೆ. "ಮಾಡಿಸ್ತೀರಾ?" ಎಂದೆ. ನೀವು ಅತ್ತಿಗೆಯ ಕಡೆ ತೋರಿಸಿ, "ಇವಳ ಮುಖ ಕಾಣ್ಬೇಕಲ್ಲಮ್ಮ. ಬೈಯೋವಾಗ ಹೇಗಿರ್ತಾಳೆ ಅಂತ ಗೊತ್ತಾಗದಿದ್ರೆ ಬೈಸ್ಕೊಳ್ಳೋದ್ರಲ್ಲಿ ಏನು ಸುಖ?" ಎಂದಿರಿ. ಅತ್ತಿಗೆ ನಗಲಿಲ್ಲ. ನಿಮ್ಮ ಅಂಗಿಯ ತೋಳು ಹಿಡಿದುಕೊಂಡೇ ಲಿಫ್ಟಿನೊಳಗೆ ಹೋದರು.

ಮುಂದಿನ ಸಲ ನಾನು ಬಂದಾಗ ಕಿಟಕಿಯ ಹತ್ತಿರ ನೀವಿರಲಿಲ್ಲ. ದೊಡ್ಡ ಆಪರೇಷನ್ ಆಯಿತು, ನಿಮ್ಮ ತಪಾಸಣೆ ಇನ್ನು ಬೇರೆ ದಿನ, ಬೇರೆ ಮಹಡಿ ಎಂದರು ಸಿಸ್ಟರ್. ಹದಿನಾಲ್ಕು ಬಂತು ನನಗೆ. ಯಾರಿಗೆ ಹೇಳಲಿ? ಹನಿ ಹಾಕಿಸಿಕೊಂಡು ಕೂತಿದ್ದ ಒಬ್ಬ ಹೆಂಗಸಿಗೆ ಹೇಳಿದೆ. ಅವರು ಏನು ತಿಳಿದರೋ, "ನಿಮ್ಮ ಟೋಕನ್ನಾ? ನಂದು ಇಪ್ಪತ್ತೆರಡು" ಎಂದರು.

ನನ್ನ ಕಡೆಯ ಒಳ್ಳೆಯ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಬೋಗುಣಿ ಯಂತ್ರದಲ್ಲಿ ನನ್ನ ಕಾಣದ ಮೂಲೆ ಇದ್ದಷ್ಟೇ ಇದೆ, ಬೆಳೆದಿಲ್ಲ. ಎರಡು ಕಣ್ಣೂ ಸೇರಿದರೆ ಕೆಲಸಕ್ಕೆ ಅಡ್ಡಿಯಿಲ್ಲವೆಂದು ಕಂಪನಿಯವರು ಮತ್ತೆ ಮತ್ತೆ ಪರೀಕ್ಷಿಸಿ ಒಪ್ಪಿದರು. ಉಗ್ರಾಣದಿಂದ ಹೊರಬಂದು ಏಣಿಗೆ ಕೈ ಹಚ್ಚಿ, ಮೆಟ್ಟಿಲು ಎಣಿಸುತ್ತಾ ಹತ್ತಿದೆ. ಮೇಲೆ ಗಾಜಿನ ಗೂಡಿನಲ್ಲಿ ಕೂತು ಕೆಳಗೆ ನೋಡಿದೆ. ಹಳದಿ ಟೋಪಿಗಳು, ಮರಳಿನ ಗುಡ್ಡ, ನಿಧಾನವಾಗಿ ತಿರುಗುವ ಕಾಂಕ್ರೀಟ್ ಲಾರಿ. ಕೆಳಗಿನಿಂದ ಸಂಜ್ಞೆ ಕೊಡುವವನು ವೈರ್‌ಲೆಸ್ಸಿನಲ್ಲಿ, "ಅಕ್ಕಾ, ಎಲ್ಲ ಕಾಣ್ತಿದೆಯಾ?" ಎಂದ. "ನಿನ್ನ ಶರ್ಟಿನ ಗುಂಡಿ ಕಿತ್ತು ಹೋಗಿರೋದೂ ಕಾಣ್ತಿದೆ" ಎಂದೆ. ಅದು ಸುಳ್ಳು. ಆದರೆ ಅವನು ಬಗ್ಗಿ ನೋಡಿಕೊಂಡದ್ದು ಮಾತ್ರ ಕಂಡಿತು.

ಇನ್ನು ಮೊನ್ನೆಯದು. ಅಧ್ಯಯನ ಮುಗಿಯಿತೆಂದು ಎಲ್ಲರನ್ನೂ ಕೆಳಗಿನ ಸಭಾಂಗಣಕ್ಕೆ ಕರೆದಿದ್ದರು. ಡಾಕ್ಟರಮ್ಮ ಪರದೆಯ ಮೇಲೆ, ಗುಂಪಿಗೊಂದರಂತೆ, ಕಣ್ಣಿನ ಒತ್ತಡದ ಎರಡು ಗೆರೆ ತೋರಿಸಿದರು. ಎರಡೂ ಮೊದಲು ಕೆಳಗಿಳಿದು, ಆಮೇಲೆ ಒಂದರ ಪಕ್ಕ ಒಂದು ನಡೆಯುತ್ತಿದ್ದವು. ಸೀಳಿದ ಗುಂಪಿನಲ್ಲಿ ಹನಿ ಬಿಟ್ಟವರು ಸ್ವಲ್ಪ ಹೆಚ್ಚು, ಆದರೆ ಮೊದಲ ದಿನಗಳಲ್ಲಿ ರಕ್ತ ಇಳಿದವರೂ ಅವರಲ್ಲೇ ಹೆಚ್ಚು. ನಳಿಕೆಯವರದು ಶಾಂತ ದಾರಿ, ಇಳಿಕೆ ತುಸು ಕಡಿಮೆ. ಎರಡು ಗುಂಪಿನಲ್ಲೂ ಕೆಲವರಿಗೆ ದೊಡ್ಡ ಆಪರೇಷನ್ ಬೇಕಾಯಿತು. ಹಿಂದಿನಿಂದ ಯಾರೋ, "ಅಂದ್ರೆ ಗೆದ್ದಿದ್ದು ಯಾವುದು ಡಾಕ್ಟ್ರೇ?" ಎಂದು ಕೂಗಿದರು. "ಯಾವ ಕಣ್ಣಿಗೆ ಅಂತ ಕೇಳಿ, ಆಗ ನಾನೂ ಯೋಚನೆ ಮಾಡ್ತೀನಿ" ಎಂದರು ಡಾಕ್ಟರಮ್ಮ.

ನಾನು ಎದ್ದು ನಿಂತು ನಿಮ್ಮ ವಿಷಯ ಕೇಳಿದೆ, ಹೆಸರೆತ್ತದೆ. ಮಧ್ಯದಲ್ಲಿ ದೊಡ್ಡ ಆಪರೇಷನ್ನಿಗೆ ಹೋದವರನ್ನು ಲೆಕ್ಕದಿಂದ ಬಿಟ್ಟಿರೇನು ಎಂದು. ಅವರಿಗೆ ಯಾರ ಬಗ್ಗೆ ಕೇಳುತ್ತಿದ್ದೇನೆಂದು ತಿಳಿಯಿತೆಂದು ಕಾಣುತ್ತದೆ. "ಬಿಟ್ಟಿಲ್ಲ. ಚೆನ್ನಾಗಿ ಆದೋರನ್ನ ಮಾತ್ರ ಇಟ್ಕೊಂಡ್ರೆ ಅದು ಜಾಹೀರಾತು ಆಗುತ್ತೆ. ನಾಳೆ ಬರೋ ರೋಗಿಗೆ ನಾನು ನಿಜ ಹೇಳಬೇಕು ಅಂದ್ರೆ ಅವರ ಕಣ್ಣು ಈ ಗೆರೆಯಲ್ಲಿ ಇರಲೇಬೇಕು" ಎಂದರು. ಅಣ್ಣ, ಪರದೆಯ ಮೇಲಿನ ಎರಡು ಗೆರೆಗಳಲ್ಲಿ ಯಾವುದೋ ಒಂದರಲ್ಲಿ ನೀವಿದ್ದಿರಿ. ನಾನು ಎರಡನ್ನೂ ನೋಡುತ್ತಾ ನಿಂತೆ.

ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದು ಹೇಳಿದರು. "ನಿಮಗೆ ಸ್ಟೆಂಟ್, ಎರಡು" ಎಂದರು. ನಾನು ಕೂಡಲೇ ಕೇಳಿದೆ: "ಮತ್ತೆ ಆ ರಕ್ತ?" "ನೆಡುವಾಗಲೂ ಒಮ್ಮೊಮ್ಮೆ ಬರುತ್ತೆ." ಎರಡು ವರ್ಷ ನಾವು ಕಟ್ಟಿದ ಸಿದ್ಧಾಂತ ಒಂದೇ ಮಾತಿಗೆ ನೆಲ ಕಚ್ಚಿತು! ನೋಡಲೇಬೇಕೆಂದು ಹಟ ಹಿಡಿದೆ. ಕಣ್ಣಿಗೆ ಕನ್ನಡಿಯಿರುವ ಮಸೂರ ಇಟ್ಟು, ಚಿತ್ರ ತೆಗೆದು, ದೊಡ್ಡದು ಮಾಡಿ ತೋರಿಸಿದರು. ಮಾಸಲು ಪಟ್ಟಿಯ ಮೇಲೆ ಎರಡು ಮಿನುಗುವ ಚುಕ್ಕಿ. ಸಾಸಿವೆಯ ಮುಂದೆ ಇಟ್ಟರೆ ಸಾಸಿವೆಯೇ ದೈತ್ಯ. ಇಷ್ಟು ದಿನ ಅವುಗಳ ಮೂಲಕ ಹರಿದ ನೀರನ್ನು ನೆನೆದು ನನಗೆ ಒಂದು ಥರ ಆಯಿತು. "ಅವರದು ಯಾವುದು?" ಎಂದೆ. "ಅವರ ಕಣ್ಣಿನ ವಿಷಯ ಅವರದು. ಬಂದು ಕೇಳಿದ್ರೆ ಅವರಿಗೇ ಹೇಳ್ತೀನಿ" ಎಂದರು. ನನ್ನ ಊಹೆ ತಪ್ಪಾದ ಮಾತ್ರಕ್ಕೆ ನಿಮ್ಮದೂ ತಪ್ಪಾಗಬೇಕಿಲ್ಲ. ನಿಮಗೂ ನಳಿಕೆಯೇ ಇದ್ದಿರಬಹುದು. ಒಂದೇ ಬಗೆಯ ನಳಿಕೆ ನನ್ನಲ್ಲಿ ನಿಂತು ನಿಮ್ಮಲ್ಲಿ ಸೋತಿರಬಹುದು. ಏಕೆ? ಇದನ್ನು ಡಾಕ್ಟರಮ್ಮನನ್ನೂ ಕೇಳಿದೆ. ಅವರು ಮೊದಲ ದಿನದ ಹಾಗೆಯೇ ಕನ್ನಡಕ ತೆಗೆದರು. "ಅದು ಮುಂದಿನ ಅಧ್ಯಯನ" ಎಂದರು.

ಅಣ್ಣ, ಕಳೆದ ಭಾನುವಾರ ನಾನು ಪಾರ್ಕಿಗೆ ಬಂದಿದ್ದೆ. ಬ್ಯಾಂಡಿನವರನ್ನು ಕೇಳಿ ನಿಮ್ಮ ಸುದ್ದಿ ತಿಳಿಯೋಣವೆಂದು. ಮುಂದಿನ ಸಾಲಿನಲ್ಲಿ ಬೇರೆ ಯಾರೋ ತುತ್ತೂರಿ ಹಿಡಿದಿದ್ದರು. ಕಣ್ಣು ಹಿಂದಕ್ಕೆ ಹೋಯಿತು. ದೊಡ್ಡ ಡೋಲಿನ ಹಿಂದೆ, ಬಣ್ಣದ ಕನ್ನಡಕ ಹಾಕಿಕೊಂಡು, ಕೋಲು ಹಿಡಿದು ನೀವು! ಹಾಳೆ ಇಲ್ಲ, ಸ್ಟ್ಯಾಂಡ್ ಇಲ್ಲ, ಎಲ್ಲವೂ ಕಿವಿಯಲ್ಲೇ. ತುತ್ತೂರಿಯ ಪಾಲು ಬಂದಾಗ ನಿಮ್ಮ ಕೆನ್ನೆ ತಾನಾಗಿ ಉಬ್ಬಿತು. ನೀವು ಅದನ್ನು ಹಾಗೇ ಮೆಲ್ಲಗೆ ಇಳಿಸಿ, ಸರಿಯಾದ ಜಾಗಕ್ಕೆ ಡೋಲಿನ ಪೆಟ್ಟು ಹಾಕಿದಿರಿ. ನಾನು ಮೆಟ್ಟಿಲ ಮೇಲೆ, ನಿಮ್ಮ ಬಲಗಡೆ ಎತ್ತರದಲ್ಲಿ ನಿಂತು ಕೈ ಬೀಸಿದೆ. ನೀವು ಜನರ ಕಡೆಯೇ ಮುಖ ಮಾಡಿದ್ದರೂ ನನ್ನನ್ನು ನೋಡಲಿಲ್ಲ. ಆಮೇಲೆ ಹೊಳೆಯಿತು, ನಿಮಗೆ ಕಾಣದ ಮೂಲೆ ಅದೇ ಎಂದು. ಕೆಳಗಿಳಿದು ಬರುವಷ್ಟರಲ್ಲಿ ಹಾಡು ಮುಗಿದು, ನಿಮ್ಮ ಸುತ್ತ ಜನ ಸೇರಿದ್ದರು. ತುತ್ತೂರಿ ಇಲ್ಲದ ನಿಮ್ಮನ್ನು ನಾನು ನೋಡುವುದು ನಿಮಗೆ ಇಷ್ಟವೋ ಇಲ್ಲವೋ ಎಂದು ಅಳುಕಿ ಹಿಂದಿರುಗಿದೆ.

ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಡೋಲು ಎದೆಯಲ್ಲಿ ಬಡಿಯುತ್ತಲೇ ಇತ್ತು. ಬರುವ ಭಾನುವಾರ ಮತ್ತೆ ಬರುತ್ತೇನೆ, ಈ ಸಲ ಮಂಟಪದ ನೇರ ಎದುರಿಗೆ, ನಮ್ಮ ಕೆಲಸದ ಜಾಗದ ಹಳದಿ ಅಂಗಿ ತೊಟ್ಟು. ಕುರುಡರಿಗೂ ಕಾಣುವ ಬಣ್ಣ ಅದು ಎಂದು ನಮ್ಮವರ ತಮಾಷೆ. ಹಾಡು ಮುಗಿದ ಮೇಲೆ ನಾವು ಮೂವರೂ, ಅತ್ತಿಗೆಯನ್ನೂ ಕರೆದುಕೊಂಡು, ಬೆಂಚಿನ ಮೇಲೆ ಕೂತು ಚಹಾ ಕುಡಿಯೋಣ. ನಿಮಗೆ ಯಾವುದಿತ್ತೆಂದು ತಿಳಿಯುವ ಮನಸ್ಸಿದ್ದರೆ ಸೋಮವಾರ ಆಸ್ಪತ್ರೆಗೆ ನಾನೂ ಜೊತೆಗೆ ಬರುತ್ತೇನೆ. ಮನಸ್ಸಿಲ್ಲದಿದ್ದರೆ ಬೇಡ. ನನಗೆ ಕುತೂಹಲದಿಂದ ಹೊಟ್ಟೆ ಉಬ್ಬಿದರೂ ಕೇಳುವುದಿಲ್ಲ, ಮಾತು ಕೊಟ್ಟೆ.

ನಿಮ್ಮ ಹೊಸ ಗುಳ್ಳೆ ಸುಖವಾಗಿರಲಿ, ಉಳಿದ ಬೆಳಕು ನಿಮ್ಮಲ್ಲೇ ನಿಲ್ಲಲಿ, ಅತ್ತಿಗೆ ಬೈಯುವಾಗ ಅವರ ಹುಬ್ಬಿನ ಒಂದೊಂದು ಕೂದಲೂ ನಿಮಗೆ ನಿಚ್ಚಳವಾಗಿ ಕಾಣಲಿ.

ಹೋಗಿ ಬರುತ್ತೇನೆ ಅಣ್ಣ. ಭಾನುವಾರ ಸಿಗೋಣ.

ನಿಮ್ಮ ತಂಗಿ,
ಕ್ರೇನಮ್ಮ